ಕಂಪ್ಯೂಟರ್ ಏನು ಹೇಳಿತು

ತುಂಗಭದ್ರೆಯ ದಂಡೆಯ ಮೇಲೆ ಒಂದು ಚಿಕ್ಕ ಆಶ್ರಮ. ಹೆಂಚಿನ ಮನೆ, ಮುಂದೆ ಜಗಲಿ, ಜಗಲಿ ಇಳಿದರೆ ಹೊಳೆ.

ಅಲ್ಲಿ ಚೆನ್ನಾಜಮ್ಮ ಎಂಬ ಗುರುತಾಯಿ ಇದ್ದರು. ಊರಿನವರೂ ಶಿಷ್ಯರೂ ಅವರನ್ನು ಅವ್ವ ಎಂದೇ ಕರೆಯುತ್ತಿದ್ದರು.

ಅವ್ವನಿಗೆ ತಮ್ಮ ಗುರು ಹೇಳಿಕೊಟ್ಟ ಪದಗಳು ಬಾಯಲ್ಲಿದ್ದವು. ಆ ಗುರು, ಗುಡ್ಡದ ಅಜ್ಜಯ್ಯ, ಓದು ಬರಹ ಕಲಿತವರಲ್ಲ. ಹಾಡಿದರು, ಹೋದರು. ಅವರು ಹಾಡಿದ್ದು ಉಳಿದಿದ್ದರೆ ಅವ್ವನ ನೆನಪಿನಲ್ಲಿ ಮಾತ್ರ.

ಎಂಬತ್ತು ತುಂಬುವ ಹೊತ್ತಿಗೆ ಆ ನೆನಪು ಸವೆಯತೊಡಗಿತ್ತು. ನಿನ್ನೆ ಹಾಡಿದ ಪದವನ್ನು ಇಂದು ಕೇಳಿದರೆ, ಅದು ಯಾವುದಪ್ಪಾ ಎಂದು ಅವ್ವನೇ ತಿರುಗಿ ಕೇಳುತ್ತಿದ್ದರು.

ಆದ್ದರಿಂದ ದಿನವೂ ಸಂಜೆ ಅವ್ವ ಹಾಡುವುದು, ಶಿಷ್ಯ ಕೊಟ್ರೇಶ ಅದನ್ನು ಕಂಪ್ಯೂಟರಿನಲ್ಲಿ ಟೈಪು ಮಾಡುವುದು ಎಂದಾಯಿತು. ಭಕ್ತರೊಬ್ಬರು ಕೊಟ್ಟ ಹಳೆಯ ಕಂಪ್ಯೂಟರ್. ಒಮ್ಮೆ ಹಾಡಿದ ಪದ ಇನ್ನೊಮ್ಮೆ ಸಿಗುತ್ತದೆಂಬ ಭರವಸೆ ಇರಲಿಲ್ಲ. ಇದು ಕೊಟ್ರೇಶನಿಗೆ ಚೆನ್ನಾಗಿ ಗೊತ್ತಿತ್ತು.

ಕೊಟ್ರೇಶ ಬಿ.ಕಾಂ. ಓದಿದವನು. ಕೈ ಬಹಳ ಚುರುಕು. ಅವ್ವ ಹಾಡಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಸಾಲು ಮುಗಿದಿರುತ್ತಿತ್ತು.

ಅದಕ್ಕಿಂತ ಚುರುಕಾದದ್ದು ಅವನ ನಾಲಿಗೆ.

ಆ ಆಶ್ರಮದಲ್ಲಿ ಗುರುವಿನ ಮಾತಿಗೆ "ಅಪ್ಪಣೆ" ಎನ್ನುವುದು ವಾಡಿಕೆ. ಹೌದು, ಆಗಲಿ, ಸರಿ ಎನ್ನಬೇಕಾದಲ್ಲೆಲ್ಲ ಅದೊಂದೇ ಮಾತು. ತಡವಾಗಿ ಅಂದರೆ ಭಕ್ತಿ ಕಡಿಮೆ ಎಂದು ಶಿಷ್ಯರು ತಾವೇ ತೀರ್ಮಾನಿಸಿಕೊಂಡಿದ್ದರು. ಇದರಲ್ಲಿ ಕೊಟ್ರೇಶನನ್ನು ಮೀರಿಸುವವರಿರಲಿಲ್ಲ. ಅವ್ವ "ಕೊಟ್ರೇಶಾ" ಎಂದು ಬಾಯಿ ತೆರೆದರೆ ಸಾಕು, ಆ ಕಡೆಯಿಂದ ಅಪ್ಪಣೆ ಬಂದುಬಿಡುತ್ತಿತ್ತು.

ಅಡುಗೆ ಮಾಡುತ್ತಿದ್ದ ಹಾಲವ್ವ ಅವನನ್ನು ಛೇಡಿಸುತ್ತಿದ್ದಳು. ಅವ್ವನ ಮಾತು ಇನ್ನೂ ಬಸ್‌ಸ್ಟ್ಯಾಂಡಿನಲ್ಲಿರುವಾಗಲೇ ನಿನ್ನ ಅಪ್ಪಣೆ ದಾವಣಗೆರೆ ಮುಟ್ಟಿರುತ್ತದೆ ಎನ್ನುತ್ತಿದ್ದಳು. ಕೊಟ್ರೇಶ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದ.

ಕಾರಹುಣ್ಣಿಮೆ ಕಳೆದ ಮೇಲೆ ಒಂದು ಬೆಳಿಗ್ಗೆ ಕೊಟ್ರೇಶ ಕಂಪ್ಯೂಟರಿನ ಮುಂದೆ ಕೂತು ಸ್ಕ್ರೀನ್ ಹಾಕಿದ. ಏನೂ ಬರಲಿಲ್ಲ. ಕಪ್ಪು.

ಅವನು ಎಂದೂ ಕಂಪ್ಯೂಟರನ್ನು ಪೂರ್ತಿ ಆರಿಸುತ್ತಿರಲಿಲ್ಲ. ಹಳೆಯ ಯಂತ್ರ, ಎದ್ದು ಕೂರುವುದಕ್ಕೇ ಬಹಳ ಹೊತ್ತು ಬೇಕು. ಆದ್ದರಿಂದ ಸಂಜೆ ಕೆಲಸ ಮುಗಿದ ಮೇಲೆ ಸ್ಕ್ರೀನ್ ಮಾತ್ರ ಆರಿಸಿ, ಪದಗಳ ಫೈಲನ್ನು ತೆರೆದಿದ್ದ ಹಾಗೇ ಬಿಟ್ಟು ಏಳುತ್ತಿದ್ದ. ಕರೆಂಟು ಹೋದರೆ ಬ್ಯಾಟರಿ ನೋಡಿಕೊಳ್ಳುತ್ತಿತ್ತು.

ಈಗ ಸ್ಕ್ರೀನ್ ಕಪ್ಪಾದದ್ದು ನೋಡಿ ಅವನು ಕೀಬೋರ್ಡಿನ ಗುಂಡಿಗಳನ್ನೆಲ್ಲ ಒತ್ತಿದ. ಪೆಟ್ಟಿಗೆಯ ಬದಿಗೆ ಎರಡು ಏಟು ಹಾಕಿದ. ಕೊನೆಗೆ ಅದರ ಮುಂದಿನ ದೊಡ್ಡ ಗುಂಡಿಯನ್ನು ಒತ್ತಿ ಹಿಡಿದ. ಒಳಗಿನ ಫ್ಯಾನಿನ ಸದ್ದು ನಿಂತುಹೋಯಿತು. ಮತ್ತೆ ಒತ್ತಿದ. ಸದ್ದು ಬಂತು. ಸ್ಕ್ರೀನ್ ಮಾತ್ರ ಕಪ್ಪಗೇ ಇತ್ತು.

ಪೆಟ್ಟಿಗೆಗೆ ವಿಭೂತಿ ಹಚ್ಚಿ ಕೈಮುಗಿದದ್ದೂ ಆಯಿತು.

ಅವ್ವ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದರು. ಕೊಟ್ರೇಶ ಹೋಗಿ ಎದುರು ನಿಂತ.

"ಕಂಪ್ಯೂಟರ್ ಸತ್ತುಹೋಗಿದೆ ಅವ್ವಾ."

"ಯಾರು ಹೇಳಿದರು?"

"ಕಪ್ಪಗಾಗಿದೆ. ಏನೂ ಕಾಣುತ್ತಿಲ್ಲ."

"ನನ್ನ ಬಲಗಣ್ಣೂ ಕಪ್ಪಗಾಗಿದೆ. ಏನೂ ಕಾಣುತ್ತಿಲ್ಲ. ನನ್ನನ್ನು ಹೂಳಿಬಿಡುತ್ತೀಯಾ?"

ಕೊಟ್ರೇಶ ತಲೆ ತಗ್ಗಿಸಿದ.

"ಉಸಿರು ಆಡುತ್ತಿದೆಯೋ ಇಲ್ಲವೋ ನೋಡಿದೆಯಾ?" ಎಂದರು ಅವ್ವ.

ಅವನು ಒಳಗೆ ಹೋಗಿ ಪೆಟ್ಟಿಗೆಯ ಹತ್ತಿರ ಕಿವಿಯಿಟ್ಟ. ಫ್ಯಾನು ತಿರುಗುತ್ತಿತ್ತು. ಹಸಿರು ದೀಪ ಉರಿಯುತ್ತಿತ್ತು. ಬಂದು ಹೇಳಿದ.

"ಹಾಗಾದರೆ ಜೀವ ಇದೆ. ಮುಖಕ್ಕೆ ಏನೋ ಆಗಿದೆ. ಏನೇನು ಮಾಡಿದೆ?"

ಅವನು ಮಾಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ಗುಂಡಿ, ಏಟು, ವಿಭೂತಿ, ಎಲ್ಲ.

"ಇಷ್ಟೂ ಒಟ್ಟಿಗೆ ಮಾಡಿದರೆ, ವಾಸಿಯಾದರೂ ಯಾವುದರಿಂದ ವಾಸಿಯಾಯಿತು ಎಂದು ತಿಳಿಯುತ್ತದೇನು? ಒಂದು ಮುಟ್ಟು. ನೋಡು. ಆಮೇಲೆ ಇನ್ನೊಂದು ಮುಟ್ಟು."

"ಅಪ್ಪಣೆ," ಎಂದು ಕೊಟ್ರೇಶ ಓಡಿದ.

ಸ್ಕ್ರೀನಿನ ಕರೆಂಟಿನ ವೈರು ಮುಟ್ಟಿ ನೋಡಿದ. ಭದ್ರವಾಗಿತ್ತು. ಪೆಟ್ಟಿಗೆಯಿಂದ ಸ್ಕ್ರೀನಿಗೆ ಹೋಗುವ ದಪ್ಪ ವೈರನ್ನು ಮುಟ್ಟಿದ. ಅದು ಅರ್ಧ ಹೊರಗೆ ಬಂದು ಜೋಲಾಡುತ್ತಿತ್ತು. ಒತ್ತಿ ಕೂರಿಸಿದ. ಸ್ಕ್ರೀನ್ ಬೆಳಗಿತು.

ಹಾಲವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬೆಳಿಗ್ಗೆ ಎದ್ದವಳೇ ಮೇಜಿನ ಹಿಂದೆ ಜೇಡರಬಲೆ ತೆಗೆದೆ, ಪೊರಕೆ ತಾಗಿತೋ ಏನೋ ಎಂದಳು. ಅಷ್ಟಕ್ಕೇ ನೀನು ವಿಭೂತಿ ಹಚ್ಚಿ ಮಣ್ಣಿಗೆ ಕಳಿಸಲು ಹೊರಟಿದ್ದೆಯಲ್ಲ ಎಂದು ನಕ್ಕಳು.

ಅಷ್ಟರಲ್ಲಿ ಅವ್ವನೂ ಕೋಲೂರಿಕೊಂಡು ಒಳಗೆ ಬಂದಿದ್ದರು. ಸ್ಕ್ರೀನಿನ ಬೆಳಕು ಅವರ ಮುಖದ ಮೇಲೆ ಬಿತ್ತು.

ಆಗ ಟಣ್ ಎಂದು ಸದ್ದಾಗಿ ಸ್ಕ್ರೀನಿನ ನಡುವೆ ಒಂದು ಚೌಕ ಬಂತು. ಅದರೊಳಗೆ ಏನೋ ಬರೆದಿತ್ತು. ಅದು ಪೂರ್ತಿ ಮೂಡುವ ಮುಂಚೆಯೇ ಕೊಟ್ರೇಶನ ಬೆರಳು ಓಕೆ ಒತ್ತಿಯಾಗಿತ್ತು. ಚೌಕ ಮಾಯವಾಯಿತು.

"ಯಾರೋ ಬಂದು ಹೋದರಲ್ಲ," ಎಂದರು ಅವ್ವ.

"ಏನಿಲ್ಲ ಅವ್ವಾ. ಎರರ್. ದಿನಾ ಬರುತ್ತದೆ."

"ಏನು ಹೇಳಿತು?"

"ಎರರ್ ಅಂತ."

"ನಾನು ಹೆಸರು ಕೇಳಲಿಲ್ಲ. ಏನು ಹೇಳಿತು ಎಂದು ಕೇಳಿದೆ."

ಕೊಟ್ರೇಶ ಖಾಲಿ ಸ್ಕ್ರೀನನ್ನು ನೋಡಿದ.

"ಇಂಗ್ಲಿಷಿನಲ್ಲಿ ಏನೋ ಹೇಳುತ್ತದೆ ಅವ್ವಾ."

"ನಿನಗೆ ಇಂಗ್ಲಿಷ್ ಬರುತ್ತದಲ್ಲ?"

"ಬರುತ್ತದೆ."

"ನನಗೆ ಬರುವುದಿಲ್ಲ. ಹಾಲವ್ವನಿಗೂ ಬರುವುದಿಲ್ಲ. ಅಂದಮೇಲೆ ಅದು ನಿನಗೇ ಹೇಳಿದ್ದು."

ಅವ್ವ ಜಗಲಿಗೆ ಹೋದರು. ಕೊಟ್ರೇಶ ಹಿಂದೆಯೇ ಬಂದು ಕಂಬಕ್ಕೆ ಒರಗಿ ನಿಂತ. ಅವ್ವ ಮೊರವನ್ನು ತೊಡೆಯ ಮೇಲೆ ಎಳೆದುಕೊಂಡರು.

"ಕೊಟ್ರೇಶಾ, ನಾಳೆ ಎದ್ದವನೇ ಆ ಹಿತ್ತಲಿನ ಹುಣಸೆಮರ..."

"ಅಪ್ಪಣೆ."

ಅವ್ವ ಮಾತು ನಿಲ್ಲಿಸಿದರು. ಅಕ್ಕಿಯಲ್ಲಿ ಒಂದು ಕಲ್ಲು ಸಿಕ್ಕಿತು, ಆಚೆ ಎಸೆದರು. ಇನ್ನೊಂದು ಸಿಕ್ಕಿತು. ಹೊಳೆಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು.

ಕೊಟ್ರೇಶ ಕಾದ. ಕಾದು ಕಾದು ಕೊನೆಗೆ ಕೇಳಿದ, "ಹುಣಸೆಮರಕ್ಕೆ ಏನು ಮಾಡಲಿ ಅವ್ವಾ?"

"ನನ್ನನ್ನೇಕೆ ಕೇಳುತ್ತೀ? ಒಪ್ಪಿಕೊಂಡವನು ನೀನು."

ಒಳಗಿನಿಂದ ಹಾಲವ್ವ ಅಂದಳು, "ಅದನ್ನು ಮದುವೆಯಾಗು ಅಂತ ಇದ್ದಿರಬೇಕು. ತಾಳಿ ಮಾಡಿಸಿಕೋ."

ಕೊಟ್ರೇಶನಿಗೆ ನಗು ಬರಲಿಲ್ಲ. ಒಳಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತ.

ಪದಗಳ ಫೈಲನ್ನು ತೆರೆದ. ಒಂದು ಅಕ್ಷರ ಹೊಡೆದು ಸೇವ್ ಮಾಡಿದ. ಟಣ್ ಎಂದು ಚೌಕ ಬಂತು. ಬೆರಳು ತಾನಾಗಿಯೇ ಓಕೆಯ ಕಡೆ ಹೋಯಿತು. ಅವನು ಕೈಯನ್ನು ಹಿಂದಕ್ಕೆಳೆದು ತೊಡೆಯ ಕೆಳಗೆ ಒತ್ತಿಟ್ಟುಕೊಂಡ.

ಓದಿದ.

ಡಿಸ್ಕಿನಲ್ಲಿ ಜಾಗವಿಲ್ಲ, ಫೈಲನ್ನು ಉಳಿಸಲು ಆಗಲಿಲ್ಲ, ಎಂದಿತ್ತು. ಅಷ್ಟೇ. ಮಗುವಿಗೂ ತಿಳಿಯುವ ಮಾತು.

ಇನ್ನೊಮ್ಮೆ ಓದಿದ. ಫೈಲಿನ ಕೊನೆಗೆ ಹೋಗಿ ನೋಡಿದ. ಕೊನೆಯ ಪದ ಬಸವ ಜಯಂತಿಯ ಹಿಂದಿನ ಸಂಜೆ ಅವ್ವ ಹಾಡಿದ್ದು. ಅಲ್ಲಿಂದೀಚೆಗೆ ಒಂದು ಸಾಲೂ ಇರಲಿಲ್ಲ.

ಅಂದಿನಿಂದ ಪ್ರತಿ ಸಂಜೆ ಅವನು ಸೇವ್ ಒತ್ತಿದ್ದ. ಪ್ರತಿ ಸಂಜೆ ಕಂಪ್ಯೂಟರ್, ಆಗಲಿಲ್ಲ ಎಂದಿತ್ತು. ಪ್ರತಿ ಸಂಜೆ ಅವನು ಓಕೆ ಎಂದಿದ್ದ.

ಆದರೂ ಪದಗಳು ಹೋಗಿರಲಿಲ್ಲ. ಫೈಲು ತೆರೆದೇ ಇದ್ದುದರಿಂದ ಅವು ಇಂದು ಬೆಳಗಿನವರೆಗೆ ಯಂತ್ರದೊಳಗೆ ಜೀವಂತವಾಗಿದ್ದವು. ಕಪ್ಪಾದದ್ದು ಸ್ಕ್ರೀನ್ ಮಾತ್ರ. ವೈರೊಂದನ್ನು ಒತ್ತಿದ್ದರೆ ಎಲ್ಲವೂ ಅಲ್ಲೇ ಕಾಣುತ್ತಿದ್ದವು. ದೊಡ್ಡ ಗುಂಡಿಯನ್ನು ಒತ್ತಿ ಹಿಡಿದು ಅದರ ಉಸಿರು ನಿಲ್ಲಿಸಿದವನು ತಾನೇ.

ಯಂತ್ರ ತಾನಾಗಿ ಎತ್ತಿಟ್ಟುಕೊಳ್ಳುವ ಪ್ರತಿಗಾಗಿ ಹುಡುಕಿದ. ಇರಲಿಲ್ಲ. ಎತ್ತಿಡಲೂ ಜಾಗ ಬೇಕಲ್ಲ.

ಜಾಗವನ್ನೆಲ್ಲ ತಿಂದದ್ದು ಯಾವುದೆಂದು ನೋಡಿದ. ನೋಡಿದ ಮೇಲೆ ಬಹಳ ಹೊತ್ತು ಮೇಲೇಳಲಿಲ್ಲ.

ಹಾಲವ್ವ ಮಧ್ಯಾಹ್ನದ ಊಟಕ್ಕೆ ಕರೆದಳು. ಹಸಿವಿಲ್ಲ ಎಂದ. ಅವಳು ಬಂದು ಅವನ ಮುಖ ನೋಡಿ ಏನೂ ಛೇಡಿಸದೆ ಹೋದಳು.

ಅವ್ವ ಊಟ ಮುಗಿಸಿ ಜಗಲಿಗೆ ಬಂದ ಮೇಲೆ ಕೊಟ್ರೇಶ ಬಂದು ಕೆಳಗೆ ಕೂತ. ಕಂಪ್ಯೂಟರ್ ಏನು ಹೇಳಿತೆಂದು ಹೇಳಿದ. ಎಂದಿನಿಂದ ಹೇಳುತ್ತಿತ್ತೆಂದು ಹೇಳಿದ. ಬೆಳಿಗ್ಗೆ ತಾನು ಮಾಡಿದ್ದು ಏನೆಂದೂ ಹೇಳಿದ. ಒಂದನ್ನೂ ಮುಚ್ಚಿಡಲಿಲ್ಲ.

ಅವ್ವ ಕಣ್ಣು ಮುಚ್ಚಿ ಕೇಳಿದರು.

"ಜಾಗ ತುಂಬಿದ್ದು ಯಾವುದರಿಂದ?"

"ವಿಡಿಯೋ ಅವ್ವಾ. ನಿಮ್ಮ ಎಂಬತ್ತರ ಹಬ್ಬದ್ದು. ಪಾದಪೂಜೆ, ಮೆರವಣಿಗೆ, ಸನ್ಮಾನ. ಡ್ರೋನ್ ಹಾರಿಸಿ ಮೇಲಿನಿಂದ ತೆಗೆದದ್ದೂ ಇದೆ. ಭಕ್ತರು ಕಳಿಸಿದ್ದೆಲ್ಲ ಇರಲಿ ಎಂದು ನಾನೇ ಹಾಕಿಟ್ಟೆ."

"ಪಾದಪೂಜೆಯಲ್ಲಿ ಏನಿದೆ?"

"ಜನ ಸಾಲಾಗಿ ಬಂದು ನಿಮ್ಮ ಕಾಲಿಗೆ ಬೀಳುತ್ತಾರೆ."

"ಆಮೇಲೆ ಎದ್ದು ಮನೆಗೆ ಹೋದರಲ್ಲ?"

"ಹೋದರು."

"ಹಾಗಾದರೆ ನೀನೇಕೆ ಅವರನ್ನು ಇನ್ನೂ ಬೀಳಿಸಿಕೊಂಡಿದ್ದೀ? ತೆಗೆ."

ಅಪ್ಪಣೆ ಎಂಬ ಮಾತು ಕೊಟ್ರೇಶನ ನಾಲಿಗೆಯ ತುದಿಗೆ ಬಂತು. ಅಲ್ಲಿಯೇ ತಡೆದುಕೊಂಡ.

"ಎಲ್ಲವನ್ನೂ ತೆಗೆಯಲಾ ಅವ್ವಾ, ಒಂದಾದರೂ ಇಟ್ಟುಕೊಳ್ಳಲಾ? ಭಕ್ತರು ಕೇಳಿದರೆ?"

ಅವ್ವ ಕಣ್ಣು ತೆರೆದು ಅವನನ್ನು ನೋಡಿದರು. ಇಷ್ಟು ವರ್ಷಗಳಲ್ಲಿ ಅವನು ತಿರುಗಿ ಕೇಳಿದ್ದು ಅದೇ ಮೊದಲು.

"ಹಾಲವ್ವ ಹೋಳಿಗೆ ಬಡಿಸುವುದು ಯಾವುದರಲ್ಲಾದರೂ ಇದ್ದರೆ ಅದನ್ನು ಇಡು. ಆ ದಿನ ಅವಳನ್ನು ಯಾರೂ ನೋಡಲಿಲ್ಲ."

ಕೊಟ್ರೇಶ ಹೋಗಿ ಹುಡುಕಿದ. ಊಟದ ಪಂಕ್ತಿಯ ವಿಡಿಯೋ ಒಂದಿತ್ತು. ಅದನ್ನು ಉಳಿಸಿ ಮಿಕ್ಕಿದ್ದನ್ನೆಲ್ಲ ತೆಗೆದುಹಾಕಿದ. ಒಂದು ಅಕ್ಷರ ಹೊಡೆದು ಸೇವ್ ಮಾಡಿ ನೋಡಿದ. ಚೌಕ ಬರಲಿಲ್ಲ. ಫೈಲನ್ನು ಮುಚ್ಚಿ, ಮತ್ತೆ ತೆರೆದು, ಆ ಅಕ್ಷರ ಅಲ್ಲೇ ಇದೆಯೇ ಎಂದು ನೋಡಿಕೊಂಡ. ಇತ್ತು.

ಯಂತ್ರ ಸರಿಹೋಗಿತ್ತು. ಅದರಿಂದ ಅವನಿಗೆ ಒಂದಿಷ್ಟೂ ಸಮಾಧಾನವಾಗಲಿಲ್ಲ.

ಜಗಲಿಗೆ ಬಂದು ಅವ್ವನ ಮುಂದೆ ಕೈಜೋಡಿಸಿ ನಿಂತ. ಹೆಗಲ ಮೇಲೆ ಟವೆಲ್ಲು ಹಾಕಿಕೊಂಡಿದ್ದ.

"ನಾನು ಹೊರಡುತ್ತೇನೆ ಅವ್ವಾ. ಅಜ್ಜಯ್ಯನವರ ಪದಗಳನ್ನು ನನ್ನ ಕೈಗೆ ಕೊಟ್ಟಿರಿ. ನಾನೇ ಕತ್ತು ಹಿಸುಕಿದೆ. ಇನ್ನು ಈ ಮನೆಯ ಅನ್ನ ನನಗೆ ಇಳಿಯುವುದಿಲ್ಲ."

"ಹೋಗುವವನು ಹೋಗು. ಹೋಗುವ ಮುಂಚೆ ಒಂದು ಪದ ಹೇಳಿ ಹೋಗು."

"ಯಾವ ಪದ ಅವ್ವಾ?"

"ಕಳೆದದ್ದರಲ್ಲಿ ಯಾವುದಾದರೂ. ನನಗಂತೂ ಏನು ಹಾಡಿದೆನೋ ನೆನಪಿಲ್ಲ. ನೀನು ಪಕ್ಕದಲ್ಲೇ ಕೂತಿದ್ದೆಯಲ್ಲ."

ಕೊಟ್ರೇಶ ಬಾಯಿ ತೆರೆದ. ಏನೂ ಬರಲಿಲ್ಲ.

ಪದಗಳು ಕಿವಿಯಿಂದ ನೇರವಾಗಿ ಬೆರಳಿಗೆ ಹೋಗಿದ್ದವು. ನಡುವೆ ಎಲ್ಲಿಯೂ ನಿಂತಿರಲಿಲ್ಲ. ಎಷ್ಟು ಪುಟವಾಗಿತ್ತೆಂದು ಗೊತ್ತಿತ್ತು. ಅಕ್ಷರ ಎಷ್ಟು ದಪ್ಪಗಿತ್ತೆಂದು ಗೊತ್ತಿತ್ತು. ಅದರಲ್ಲಿ ಏನಿತ್ತೆಂದು ಮಾತ್ರ ಗೊತ್ತಿರಲಿಲ್ಲ.

"ಬರೆದವನು ನೀನೇ ಅಲ್ಲವೇ?" ಎಂದರು ಅವ್ವ.

"ನಾನೇ."

"ಮತ್ತೆ, ಕೇಳಿದವರು ಯಾರು?"

ಅವನ ಕಣ್ಣು ತುಂಬಿ ಬಂತು. ಜಗಲಿಯ ಅಂಚಿನಲ್ಲಿ ಕುಸಿದು ಕೂತ. ಹಾಲವ್ವ ಬಾಗಿಲಿಗೆ ಬಂದವಳು ಹಾಗೇ ನಿಂತಳು.

ಬಿಸಿಲು ಇಳಿಯಿತು. ಹೊಳೆಯಾಚೆ ಎಮ್ಮೆಗಳು ನೀರಿನಿಂದ ಒಂದೊಂದಾಗಿ ಏಳತೊಡಗಿದವು. ಅವ್ವ ಹೋಗು ಎನ್ನಲಿಲ್ಲ, ಇರು ಎನ್ನಲಿಲ್ಲ.

ಕೊಟ್ರೇಶನಿಗೆ ಬಸವ ಜಯಂತಿಯ ನಂತರದ ಒಂದು ಸಂಜೆ ನೆನಪಾಯಿತು.

ಅಂದು ಅವನು ಮಂಡಕ್ಕಿ ತಿನ್ನುತ್ತ ಕೆಲಸಕ್ಕೆ ಕೂತಿದ್ದ. ಒಂದು ಕಾಳು ಕೀಬೋರ್ಡಿನ ಸಂದಿಯಲ್ಲಿ ಬಿದ್ದು ಗುಂಡಿಯೊಂದು ಸಿಕ್ಕಿಹಾಕಿಕೊಂಡಿತು. ಅಕ್ಷರವೇ ಬರಲಿಲ್ಲ. ಅವ್ವಾ, ತಡೆಯಿರಿ, ಆ ಸಾಲು ಇನ್ನೊಮ್ಮೆ ಹೇಳಿ ಎಂದಿದ್ದ. ಅವ್ವ ಹೇಳಿದ್ದರು. ಗುಂಡಿ ಬಿಡಲಿಲ್ಲ. ಇನ್ನೊಮ್ಮೆ ಅವ್ವಾ, ಇನ್ನೊಂದೇ ಸಲ, ಎನ್ನುತ್ತ ಹಾಲವ್ವನ ಪಿನ್ನಿನಿಂದ ಕಾಳನ್ನು ಕೆದಕುತ್ತಿದ್ದ. ಬೆರಳಿಗೆ ಬೇರೆ ಕೆಲಸವಿದ್ದುದರಿಂದ ಕಿವಿ ಬಿಡುವಾಗಿತ್ತು.

ಅವನ ಗಂಟಲಿನಿಂದ ಆ ಸಾಲು ತಾನಾಗಿ ಹೊರಟಿತು. ರಾಗ ಸ್ವಲ್ಪ ಓರೆಯಾಗಿತ್ತು.

"ಬೆರಳಿಗೊಂದು ಕಣ್ಣು ಬಂತು, ಕಣ್ಣು ಮುಚ್ಚಿದಾಗ..."

ಅವ್ವನ ಬೆನ್ನು ನೆಟ್ಟಗಾಯಿತು.

"ಇನ್ನೊಮ್ಮೆ ಹೇಳು."

ಹೇಳಿದ.

ಅವ್ವ ತೊಡೆಯ ಮೇಲೆ ಮೆಲ್ಲಗೆ ತಾಳ ಹಾಕಿದರು. ತುಟಿಗಳು ಏನನ್ನೋ ಹುಡುಕಿದವು. ಸಿಕ್ಕಿತು. ಆ ಸಾಲಿನ ಹಿಂದಿನ ಸಾಲು ಬಂತು.

"ಹರಿದ ಎಳೆಗೆ ಹರಿದ ಎಳೆಯ ಗಂಟು ಹಾಕುವಾಗ
ಬೆರಳಿಗೊಂದು ಕಣ್ಣು ಬಂತು, ಕಣ್ಣು ಮುಚ್ಚಿದಾಗ."

ಕೊಟ್ರೇಶನ ಕೈ ಗಾಳಿಯಲ್ಲಿಯೇ ಕೀಬೋರ್ಡು ಹುಡುಕಿತು. ಅವನು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಅವ್ವನ ಮುಖವನ್ನೇ ನೋಡಿದ.

ಮೊದಲ ಸಾಲುಗಳು ಬೇಗ ಬರಲಿಲ್ಲ. ಅವ್ವ ಹಾಡಿದ್ದನ್ನೇ ಹಾಡಿದರು. ನಡುವೆ ನಿಂತರು. ಇದಲ್ಲ, ಇದು ಬೇರೆ ಪದದ್ದು ಎಂದು ತಲೆಯಾಡಿಸಿದರು. ಅಜ್ಜಯ್ಯ ಇದನ್ನು ನೇಕಾರರ ಓಣಿಯಲ್ಲಿ ಹಾಡುತ್ತಿದ್ದರು, ಮಗ್ಗದ ಸದ್ದೇ ತಾಳ, ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಅಂದದ್ದೇ ತಡ, ಪದದ ಬಾಯಿ ಬಿಚ್ಚಿತು.

"ನೂತವಳು ನಾನಲ್ಲ ತಂಗಿ, ನೂಲು ನನ್ನದಲ್ಲ
ನೇಯುವವ ಬರುವ ತನಕ ಕದಿರು ನಿಲ್ಲೋದಿಲ್ಲ..."

ಅಲ್ಲಿಂದ ಕೊನೆಯವರೆಗೆ ಒಂದೇ ಧಾರೆ. ಹಾಲವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಈಗ ನೀನು," ಎಂದರು ಅವ್ವ.

ಕೊಟ್ರೇಶ ಹಾಡಿದ. ಎರಡನೆಯ ಸಾಲಿನಲ್ಲೇ ತಪ್ಪಿದ. ಅವ್ವ ತಿದ್ದಿದರು. ಮತ್ತೆ ಹಾಡಿದ. ಈ ಸಲ ರಾಗ ಜಾರಿತು. ಕುಡಿದ ಎತ್ತಿನ ಹಾಗೆ ಅಡ್ಡಾದಿಡ್ಡಿ ಎಳೆಯಬೇಡ ಎಂದು ಗದರಿದರು. ಮತ್ತೆ ಹಾಡಿಸಿದರು. ಅರ್ಥವಾಗದ ಕಡೆ ಅವನು ನಿಲ್ಲಿಸಿ ಕೇಳಿದ. ಕಣ್ಣು ಮುಚ್ಚಿದ ಮೇಲೆ ಬೆರಳಿಗೆ ಕಣ್ಣು ಬರುವುದೆಂದರೆ ಏನು ಅವ್ವಾ ಎಂದ. ನೀನು ನೂಲು ಹಿಡಿದಿಲ್ಲ, ಹಿಡಿದ ದಿನ ಹೇಳುತ್ತೇನೆ ಎಂದರು.

ಉಳಿದ ಪದಗಳಿಗಾಗಿಯೂ ಹುಡುಕಿದರು. ಒಂದರ ರಾಗ ಬಂತು, ಮಾತು ಬರಲಿಲ್ಲ. ಇನ್ನೊಂದರದು ಪಲ್ಲವಿಯ ಅರ್ಧ. ಮಿಕ್ಕವುಗಳ ಸುಳಿವೇ ಇರಲಿಲ್ಲ. ಕೊಟ್ರೇಶ ಮುಖ ಬಾಡಿಸಿದಾಗ, ಹೋದದ್ದನ್ನು ನೋಡುತ್ತ ಕೂತರೆ ಕೈಯಲ್ಲಿರುವುದೂ ಬಿದ್ದೀತು, ಇದನ್ನು ಹಾಡು ಎಂದರು ಅವ್ವ.

ಅವನು ಹಾಡಿದ. ಈಗ ಅವ್ವ ತುಟಿ ಆಡಿಸಲಿಲ್ಲ, ತಿದ್ದಲಿಲ್ಲ. ಮೊದಲಿನಿಂದ ಕೊನೆಯವರೆಗೆ ಕಣ್ಣು ಮುಚ್ಚಿ ಕೇಳಿದರು. ಹಾಲವ್ವ ದೀಪ ಹಚ್ಚಿ ತಂದು ಕಂಬದ ಗೂಡಿನಲ್ಲಿಟ್ಟಳು.

ಹಾಡು ಮುಗಿಯಿತು.

ಆಮೇಲೆ ಅವ್ವ ಕಣ್ಣು ತೆರೆದು, ಚೆನ್ನಾಗಿದೆಯಪ್ಪಾ, ಇದು ಯಾರು ಕಟ್ಟಿದ ಪದ ಎಂದು ಕೇಳಿದರು.

ಹಾಲವ್ವ ಮುಖ ಆಚೆ ತಿರುಗಿಸಿದಳು. ಗುಡ್ಡದ ಅಜ್ಜಯ್ಯನವರದು ಅವ್ವಾ, ನೀವೇ ಹೇಳಿಕೊಟ್ಟಿರಿ ಎಂದ ಕೊಟ್ರೇಶ. ಅವ್ವ ಹೌದೇ ಎಂದು ಸಂತೋಷದಿಂದ ತಲೆದೂಗಿದರು.

ಅವನು ದಡಬಡಿಸಿ ಎದ್ದ.

"ಈಗಲೇ ಕಂಪ್ಯೂಟರಿಗೆ ಹಾಕಿ ಬರುತ್ತೇನೆ ಅವ್ವಾ. ಇಲ್ಲದಿದ್ದರೆ ಮರೆತುಹೋದೀತು."

ಅವ್ವ ಅವನ ಟವೆಲ್ಲಿನ ಅಂಚನ್ನು ಹಿಡಿದರು.

"ಮರೆತುಹೋಗುವುದು ಯಾರಿಗೆ, ನನಗೋ ನಿನಗೋ?"